ಕಸಿ ಎಂಬ ಮಾತು

ಮಕ್ಕಳ ಆಸ್ಪತ್ರೆಯಲ್ಲಿ ರಕ್ತದ ಕಾಂಡಕೋಶಗಳ ಸಂಶೋಧನೆ ಮಾಡುತ್ತಾ ಸದಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರುತ್ತಿದ್ದ ಆಕೆಯನ್ನು ಎಲ್ಲರೂ ದುರ್ಬೀನಮ್ಮ ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರೀತೆನ್ನುವಷ್ಟು ಮಿತಮಾತಿನವಳು. ಮನೆಗೆ ಹೋದರೂ ಮಾತಾಡಿಸುವ ಒಂದು ನರಪಿಳ್ಳೆಯೂ ಇರಲಿಲ್ಲ.

ರಕ್ತದ ಕಾಯಿಲೆಯ ಪುಟ್ಟ ಹುಡುಗಿಗೆ ಅವಳ ಅಣ್ಣನ ಮೂಳೆಮಜ್ಜೆಯನ್ನು ಕಸಿ ಮಾಡಬೇಕೆಂದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಒಂದು ಕೂಸಿಂದ ಕಸಿದು ಇನ್ನೊಂದಕ್ಕೆ ಕೊಡ್ತೀರಾ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ!”

“ಕಸಿದುಕೊಳ್ಳೋದಲ್ಲ ಅಜ್ಜಿ,” ಎಂದಳು ದುರ್ಬೀನಮ್ಮ. “ ಗಿಡಕ್ಕೆ ಕಟ್ತಾರಲ್ಲ, ಆ ಕಸಿ. ರೆಂಬೆ ಕೊಟ್ಟ ಗಿಡ ಮತ್ತೆ ಚಿಗುರುತ್ತೆ.”

“ಹಂಗಂತ ಮೊದಲೇ ಹೇಳಬಾರದಾ ತಾಯಿ! ಜೀವ ಬಾಯಿಗೆ ಬಂದಿತ್ತು.” ಅಜ್ಜಿ ದಾರಿ ಬಿಟ್ಟಳು.

ಕೆಲವು ವಾರ ಕಳೆದ ಮೇಲೆ ಹುಡುಗಿಯ ರಕ್ತದಲ್ಲಿ ಅಣ್ಣನ ಕಣಗಳು ಕಾಣಿಸಿದವು; ಕಸಿ ಕೂಡಿಕೊಂಡಿತ್ತು. ದುರ್ಬೀನಮ್ಮ ಓಡಿಹೋಗಿ ಸುದ್ದಿ ಹೇಳಿದಳು. ಮನೆಮಂದಿಯೆಲ್ಲ ಹುಡುಗಿಯ ಕೋಣೆಯ ಗಾಜಿಗೆ ಮುಗಿಬಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅವರ ಬೆನ್ನ ಹಿಂದೆ ಅವಳು ಸ್ವಲ್ಪ ಹೊತ್ತು ನಿಂತಿದ್ದಳು. ಯಾರೂ ತಿರುಗಿ ನೋಡಲಿಲ್ಲ.

ಪ್ರಯೋಗಾಲಯಕ್ಕೆ ಮರಳಿ ಬಾಗಿಲು ಮುಚ್ಚಿಕೊಂಡು, “ಉಳ್ಕೊಂಡ್ಳು ನಮ್ಮ ಹುಡುಗಿ” ಎಂದು ಗಟ್ಟಿಯಾಗಿ ಹೇಳಿದಳು. ಮೂಲೆಯ ಫ್ರಿಜ್ಜೊಂದೇ ಹೂಂಗುಟ್ಟಿತು.