ಆಚಾರಿ ಮೆರುಗು ಕೊಟ್ಟ ಇಟಲಿ ಬಟ್ಟಲು

ನಮ್ಮ ಭಾವ ಸಿದ್ದಾಚಾರಿ ಪಾಂಡವಪುರದ ಪೇಟೆ ಬೀದೀಲಿ ಅಕ್ಕಸಾಲಿಗರು. ನನ್ನಕ್ಕ ಪುಟ್ಟಗೌರಮ್ಮನ ಗಂಡ. ನಾನು ಪುಟ್ಟಸ್ವಾಮಿ, ಮಾಕವಳ್ಳಿ ಸಕ್ಕರೆ ಕಾರ್ಖಾನೇಲಿ ಫಿಟ್ಟರು, ಇರೋದು ಕೆ.ಆರ್.ಪೇಟೇಲಿ. ಭಾವನ್ನ ರೇಗ್ಸೋದು ಭಾವಮೈದನ ಹಕ್ಕು ಅಂತ ಇಷ್ಟು ವರ್ಷ ಬಾಯಿಗೆ ಬಂದದ್ದೆಲ್ಲ ಅಂದಿದ್ದೀನಿ. ಈಗ ಅವರ ಎದುರು ಕೂತ್ರೆ ಮಾತೇ ಹೊರಡಲ್ಲ. ‘ಚೆನ್ನಾಗಿ ನಡೀತಿದ್ದ ಅಂಗಡಿಗೆ ನಿಮ್ಮ ಭಾವ ಯಾಕ್ಲಾ ಬೀಗ ಜಡಿದ್ರು?’ ಅಂತ ಕಂಡೋರೆಲ್ಲ ಕೇಳ್ತಾರೆ. ಕಣ್ಣು ಮಂಜಾಗಿದೆ ಅಂತೀನಿ. ಸುಳ್ಳು. ಅವರ ಕಣ್ಣಿಗೆ ಏನೂ ಆಗಿಲ್ಲ.

ಅವರು ಹುಟ್ಟಿದ್ದು ನಾಗಮಂಗಲದಲ್ಲಿ. ಅಪ್ಪ ಮಂಚಾಚಾರಿ ಕಂಚಿನ ದೀಪ, ತಾಮ್ರದ ಚೊಂಬು ಮಾಡೋರು, ಮಹಾ ಸಿಟ್ಟಿನ ಮನುಷ್ಯ. ಭಾವ ಚಿಕ್ಕೋರಾಗಿದ್ದಾಗ ಮೊದಲ್ನೇ ಸಲ ಒಂದು ಚೊಂಬು ತಟ್ಟಿ ಅಪ್ಪಂಗೆ ತೋರ್ಸಿದ್ರಂತೆ. ಚೊಂಬಿನ ಮೈಮೇಲೆ ಸುತ್ತಿಗೆ ಏಟು ಅಂಗಂಗೇ ಕಾಣ್ತಿತ್ತಂತೆ. ಅಪ್ಪ ಅದೇ ಚೊಂಬಲ್ಲಿ ತಲೆಗೊಂದು ಬುಟ್ಟು, ‘ಏಟು ಕಾಣ್ತಾ ಇದ್ರೆ ಕೆಲಸ ಮುಗುದಿಲ್ಲ ಅಂತ ಕಣ್ಲಾ! ಅರೆಬರೆ ಮಾಡಿ ಇನ್ನೊಬ್ಬರ ಕೈಗೆ ಕೊಟ್ಟೀಯಾ?’ ಅಂದ್ರಂತೆ. ಆಮೇಲೆ ಭಾವ ಚಿನ್ನದ ಕೆಲಸ ಕಲ್ತು ಪಾಂಡವಪುರಕ್ಕೆ ಬಂದ್ರೂ ಆ ಮಾತನ್ನ ಮರೀಲಿಲ್ಲ. ರಿಪೇರಿಗೆ ಒಂದು ಮೂಗುಬೊಟ್ಟು ಬಂದ್ರೂ ಸರಿ, ಮೆರುಗು ಕೊಡದೆ ವಾಪಸ್ಸು ಕೊಟ್ಟೋರಲ್ಲ. ಅದಕ್ಕೆ ಅಂತ ಕಾಸು ಕೇಳ್ತಿರಲಿಲ್ಲ. ಬಂದ ವಸ್ತು ಬಂದಾಗ ಇದ್ದದ್ದಕ್ಕಿಂತ ಚೆಂದಾಗಿ ಮನೆಗೆ ಹೋಗ್ಬೇಕು, ನಮ್ಮೋರ ಪದ್ಧತಿ ಅದು.

ಅಕ್ಕಸಾಲಿಗರ ಮೇಲೆ ಜನ ಆಡೋ ಮಾತು ನಿಮಗೂ ಗೊತ್ತು. ಬಳೆ ಕರಗ್ಸಕ್ಕೆ ಕೊಟ್ಟೋರು ಕಣ್ಣು ಮಿಟುಕಿಸದೆ ಎದುರಿಗೇ ಕೂತಿರ್ತಾರೆ, ಎಲ್ಲಿ ಆಚಾರಿ ಒಂದು ಚೂರು ಉಗುರು ಸಂದಿಗೆ ಸೇರುಸ್ಕೋತಾನೋ ಅಂತ. ನಂಗಾದ್ರೆ ಮೈ ಉರೀತದೆ. ಭಾವ ಮಾತ್ರ ‘ನೋಡ್ಲಿ ಬುಡೋ, ಅವರ ಚಿನ್ನ’ ಅಂತ ತಾವೇ ಸ್ಟೂಲು ಎಳೆದು ಕೊಡೋರು. ವರ್ಷ ಕಳೀತಾ ಕಳೀತಾ ಆ ಸ್ಟೂಲಲ್ಲಿ ಯಾರೂ ಕೂರದಂಗಾಯ್ತು. ಚಿನ್ನ ಕೊಟ್ಟು ಸಂತೆಗೆ ಹೋಗಿ ಬರೋರು. ಆ ಮನುಷ್ಯ ದುಡಿದು ಸಂಪಾದಿಸಿದ್ದು ಅಂದ್ರೆ ಅದೇ ನೋಡಿ, ಮನೆಮಠ ಅಲ್ಲ.

ಇಂಥೋರಿಗೆ ಗಾಜಿನ ಹುಚ್ಚು ಹತ್ತಿದ್ದು ಬೆಳಗೊಳದ ಮಂಗಳಮ್ಮನೋರ ಮನೇಲಿ. ಮಗಳ ಮದುವೆ ಒಡವೆ ಮಾತಾಡಕ್ಕೆ ಹೋದಾಗ ಹಜಾರದ ಮೇಜಿನ ಮೇಲೆ ಒಂದು ದಪ್ಪ ಗಾಜಿನ ಬಟ್ಟಲು ಇತ್ತಂತೆ, ಜೇನುತುಪ್ಪದ ಬಣ್ಣದ್ದು. ಕಿಟಕಿ ಬಿಸಿಲು ಅದರೊಳಗೆ ಬಿದ್ದಿತ್ತಂತೆ. ಭಾವ ಒಡವೆ ವಿಚಾರ ಮರ್ತೇಬುಟ್ಟು ಅದನ್ನೇ ನೋಡ್ತಾ ಕೂತ್ರಂತೆ. ‘ನಮ್ಮನೆಯೋರು ಇಟಲಿಗೆ ಓದಕ್ಕೆ ಹೋಗಿದ್ದಾಗ ತಂದಿದ್ದು ಆಚಾರ್ರೇ. ಮನೆ ನಕ್ಷೆ ಬರೆಯೋ ಆರ್ಕಿಟೆಕ್ಟ್ ಒಬ್ಬ ಗಾಜಿನ ಕಾರ್ಖಾನೆಗೆ ಹೋಗಿ, ಗಾಜು ಊದೋರ ಪಕ್ಕದಲ್ಲೇ ನಿಂತು ಮಾಡಿಸಿದ್ದಂತೆ’ ಅಂದ್ರಂತೆ ಮಂಗಳಮ್ಮನೋರು. ಅವರ ಯಜಮಾನ್ರು ಅಷ್ಟೊತ್ತಿಗಾಗ್ಲೇ ತೀರ್ಕೊಂಡಿದ್ರು. ಆ ಅಮ್ಮಂಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಅವತ್ತಿಂದ ಶುರು ಆಯ್ತು. ಅಮಾವಾಸ್ಯೆ ದಿನ ನಮ್ಮೋರು ಯಾರೂ ಕುಲುಮೆಗೆ ಬೆಂಕಿ ಹಾಕಲ್ಲ, ರಜ. ಬೇರೆಯೋರು ಮನೇಲಿ ಕಾಲು ಚಾಚಿ ಮಲಗಿದ್ರೆ ನಮ್ಮ ಭಾವ ಬೆಳಗಿನ ಬಸ್ಸಿಗೇ ಮೈಸೂರಿಗೆ ಹೊರಡೋರು. ಹಳೇ ಸಾಮಾನಿನ ಅಂಗಡಿ, ಒಡೆದು ಹಾಕೋ ಬಂಗಲೆಗಳ ಹರಾಜು, ಎಲ್ಲ ತಿರುಗೋರು. ಒಬ್ಬ ಹಳೇ ಅಂಗಡಿ ಸಾಹೇಬ್ರು ಆ ಆರ್ಕಿಟೆಕ್ಟ್ ಕಥೆ ಪೂರಾ ಹೇಳಿ, ಅವನ ಗಾಜು ಹೆಂಗಿರ್ತದೆ ಅಂತ ತೋರ್ಸಿದ್ರಂತೆ. ಆ ಇಟಲಿಯೋನ ಹೆಸರು ಹೇಳಕ್ಕೋದ್ರೆ ನನ್ನ ನಾಲಗೆ ಗಂಟು ಬೀಳ್ತದೆ, ಭಾವ ಮಾತ್ರ ಮನೆದೇವರ ಹೆಸರು ಹೇಳ್ದಂಗೆ ಹೇಳೋರು. ಸಾಸಿವೆಕಾಳಿನಂಥ ಗುಳ್ಳೆ ತುಂಬಿರೋ ಹೂದಾನಿ ಒಂದು ಸಿಕ್ತು. ನೂಲಲ್ಲಿ ನೆಯ್ದಂಗೆ ಗೆರೆ ಇರೋ ಲೋಟದಂಥದ್ದು ಒಂದು. ಹಸಿರು ಗಾಜಿನೊಳಗೆ ನೀಲಿ ಗಾಜು ಮುಳುಗಿರೋದು ಇನ್ನೊಂದು. ಎಲ್ಲ ಮುಟ್ಟಿದ್ರೆ ಜಾರೋವಷ್ಟು ನುಣುಪು. ಅಸಲಿ ಎಷ್ಟೋ, ನಕಲಿ ಎಷ್ಟೋ ಶಿವನೇ ಬಲ್ಲ. ನನ್ನಕ್ಕ ಸುಮ್ನಿರ್ತಾಳಾ? ‘ಊರ ಹೆಂಗಸ್ರಿಗೆಲ್ಲ ಸರ ಮಾಡ್ಕೊಡೋ ಗಂಡಸು ನಂಗೆ ತೋರ್ಸೋದು ಗಾಜಿನ ಲೋಟವ! ನೀರು ಕುಡಿಯಕ್ಕೂ ಆಗಲ್ಲ, ಮಾರೋಕೂ ಬುಡಲ್ಲ!’ ಅಂತ ಕಪಾಟಿನ ಧೂಳು ಒರಸ್ತಾ ಒರಸ್ತಾ ಬಯ್ಯೋಳು. ಆದ್ರೆ ಒರಸೋದು ಮಾತ್ರ ಮಗೂಗೆ ನೀರು ಹಾಕ್ದಷ್ಟೇ ನಾಜೂಕಾಗಿ.

ಆ ಬೆಳಗೊಳದ ಬಟ್ಟಲಿಗೆ ಸಮ ಇನ್ನೊಂದು ಸಿಗಲೇ ಇಲ್ಲ. ಭಾವನೂ ಅದನ್ನ ಕೊಡಿ ಅಂತ ಕೇಳೋರಲ್ಲ, ಕೇಳಬಾರದು ಅಂತಲೇ ಇದ್ರು. ಹಬ್ಬಕ್ಕೋ ಹುಣ್ಣಿಮೆಗೋ ಆ ಮನೆಗೆ ಹೋಗೋದು, ಮುಟ್ಟದೆ ಅದರ ಮುಂದೆ ಕೂರೋದು, ಕಾಫಿ ಕುಡಿದು ಬರೋದು.

ಹೋದ ವರ್ಷ ಮಂಗಳಮ್ಮನೋರ ಮನೆ ಚಾವಣಿ ಬಿಚ್ಚಿ ಹೊಸದಾಗಿ ಹಾಕ್ಸಕ್ಕೆ ಶುರು ಮಾಡಿದ್ರು. ಆ ಅಮ್ಮಂಗೆ ಅಷ್ಟೊತ್ತಿಗೆ ಎರಡೂ ಕಣ್ಣು ಹೋಗಿತ್ತು. ಭಾವನ್ನ ಕರೆಸಿ, ‘ಗಾರೆ ಕೆಲಸದೋರು ಓಡಾಡ್ತಾರೆ, ಒಡೆದೋದ್ರೆ ಕಷ್ಟ. ಕೆಲಸ ಮುಗಿಯೋಗಂಟ ನಿಮ್ಮತ್ರ ಇರ್ಲಿ. ಆಮೇಲೆ ತಂದ್ಕೊಡಿ. ನನ್ನ ಕಾಲ ಆದ ಮೇಲೆ ಹೆಂಗೂ ಅದು ನಿಮ್ಮನೆಗೇ’ ಅಂದ್ರು. ಭಾವ ಅದನ್ನ ಟವೆಲ್ಲಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು, ಶ್ರೀರಂಗಪಟ್ಟಣದ ರಶ್ಶಲ್ಲಿ ಬಸ್ಸು ಬದಲಾಯಿಸಿ, ಊರು ಸೇರಿದ್ರು.

ಮನೆಗೆ ತಂದು ಮೊದಲ್ನೇ ಸಲ ಕೈಯಲ್ಲಿ ತಿರುಗಿಸಿ ನೋಡಿದ್ರಲ್ಲ, ಅಲ್ಲೇ ಆದದ್ದು ಅನಾಹುತ. ಬಟ್ಟಲ ಹೊರಮೈ ತುಂಬ ಸಣ್ಣ ಸಣ್ಣ ಚಪ್ಪಟೆ ಏಟು, ಮೀನಿನ ಹುರುಪೆ ಇದ್ದಂಗೆ. ಅದಕ್ಕೇ ಗಾಜು ಮಬ್ಬಾಗಿ ಕಾಣ್ತಿತ್ತು. ಅವರು ಕಂಡಿದ್ದ ಇಟಲಿ ಗಾಜೆಲ್ಲ ಫಳಫಳ ಅನ್ನೋದು, ಇದೊಂದೇ ಇಂಗೆ. ನಾನು ಒಂದಿನ ಹೋದಾಗ ಹಿತ್ತಲ ಜಗಲೀಲಿ ಕೂತು, ನೀರು ಹನಿಸ್ಕೊಂಡು, ಸಾಣೆ ಹಿಡಿಯೋ ಕುರುಂದದ ಪುಡೀಲಿ ಬಟ್ಟಲು ಉಜ್ಜುತಾವ್ರೆ.

‘ಏನ್ ಭಾವ, ಗಾಜಿಗೆ ಕಾಲುಂಗುರ ತೊಡಿಸ್ತೀರಾ?’ ಅಂದೆ.

‘ಯಾವನೋ ಅರ್ಧಕ್ಕೇ ಬುಟ್ಬುಟ್ಟವ್ನೆ ಕಣೋ ಪುಟ್ಟಸ್ವಾಮಿ. ಏಟೆಲ್ಲ ಅಂಗೇ ಅದೆ. ಪಾಪ, ಆ ಅಮ್ಮ ಇಷ್ಟು ವರ್ಷ ಮುಗೀದೇ ಇರೋ ವಸ್ತುವ ಮಡೀಕಂಡವ್ರೆ. ವಾಪಸ್ ಕೊಡೋವಾಗ ಮುಗಿಸೇ ಕೊಡ್ತೀನಿ’ ಅಂದ್ರು. ಏನು ಖುಷಿ ಆ ಮುಖದಲ್ಲಿ! ಮಳೆಗಾಲ ಪೂರ್ತಿ ಅದೇ ಕೆಲಸ. ಮೊದಲು ದಪ್ಪ ಪುಡಿ, ಆಮೇಲೆ ನಯ ಪುಡಿ, ಕಡೆಗೆ ಉಣ್ಣೆ ಬಟ್ಟೆ. ತಳದಲ್ಲಿ ಏನೋ ಮಸುಕು ಅಕ್ಷರ ಇತ್ತಂತೆ, ಮಾಡ್ದೋರ ಗುರುತೇನೋ, ಅದೂ ಕಲೆ ಅಂತ ಹೋಯ್ತು.

ಗೌರಿ ಹಬ್ಬಕ್ಕೆ ಅಕ್ಕಂಗೆ ಬಾಗಿನ ತಗೊಂಡು ಹೋದಾಗ ನನ್ನ ಮಗಳು ಸೌಮ್ಯಶ್ರೀನೂ ಜೊತೇಲಿ ಬಂದಿದ್ಲು. ಮೈಸೂರಲ್ಲಿ ಆರ್ಕಿಟೆಕ್ಚರ್ ಓದ್ತಾವ್ಳೆ. ಭಾವ ಅವಳನ್ನ ಕೈ ಹಿಡಿದು ಕರ್ಕೊಂಡೋಗಿ ಬಟ್ಟಲು ತೋರ್ಸಿದ್ರು. ಸುಳ್ಳು ಯಾಕೆ, ನೀರೇ ಗಟ್ಟಿಯಾಗಿ ಕೂತಂಗಿತ್ತು. ‘ಇದರ ಮೈಯೆಲ್ಲ ಸುತ್ತಿಗೆ ಏಟು ಇತ್ತು ಕಣವ್ವ, ಒಂದೂ ಬುಡದಂಗೆ ತೆಗೆದೆ!’

ಹುಡುಗಿ ಮುಖ ಬಿಳಿಚ್ಕೊಂಡುಬುಡ್ತು. ಫೋನು ತೆಗೆದು ಏನೋ ಹುಡುಕಿ, ತೋರ್ಸಲೋ ಬ್ಯಾಡವೋ ಅಂತ ನನ್ನ ಮುಖ ನೋಡಿದ್ಲು. ಅದರಲ್ಲಿ ಅಂಥದ್ದೇ ಬಟ್ಟಲು, ಅದೇ ಹುರುಪೆ. ‘ಮಾವ, ಅದು ಅರ್ಧಕ್ಕೆ ಬುಟ್ಟಿರೋ ಕೆಲಸ ಅಲ್ಲ. ಅದೇ ಕೆಲಸ. ಗಾಜು ಆರಿದ ಮೇಲೆ ಸಾಣೆ ಚಕ್ರಕ್ಕೆ ಕೊಟ್ಟು ಒಂದೊಂದೇ ಏಟು ಕೊರೀತಿದ್ರು. ಅವರ ಭಾಷೇಲಿ ಅದರ ಹೆಸರೇ “ತಟ್ಟಿದ್ದು” ಅಂತ.’

ಭಾವ ಫೋನಿನ ಚಿತ್ರ ನೋಡಿದ್ರು. ಬಟ್ಟಲು ನೋಡಿದ್ರು. ‘ಮುಗಿದಿದ್ದ ಕೆಲಸವ ನಾನೇ ಕೈಯಾರೆ ಅಳಿಸ್ಬುಟ್ನಲ್ಲೋ’ ಅಂದೋರು ಗೋಡೆ ಹಿಡ್ಕೊಂಡು ಕೂತ್ಬುಟ್ರು. ಅಕ್ಕ ಹೋಳಿಗೆ ಬಡಿಸಿದ್ರೆ ಎಲೆ ಮುಂದೆ ಬರಲಿಲ್ಲ. ಅಯ್ಯೋ, ಒಬ್ಬ ಮನುಷ್ಯ ಅಷ್ಟು ಪ್ರೀತಿಯಿಂದ ಹಾಳು ಮಾಡಿದ್ದನ್ನ ನಾನು ಬೇರೆಲ್ಲೂ ಕಂಡಿಲ್ಲ.

ನಾನು ನನ್ನ ಬುದ್ಧಿಗೆ ತೋಚಿದ್ದು ಹೇಳಿದೆ. ‘ಆ ಅಮ್ಮಂಗೆ ಕಣ್ಣು ಕಾಣಲ್ಲ ಭಾವ. ಸುಮ್ನೆ ಮೇಜಿನ ಮೇಲಿಟ್ಟು ಬಂದ್ಬುಡಿ.’

‘ಕಣ್ಣು ಕಾಣಲ್ಲ ಅಂತ ಹಿತ್ತಾಳೆ ಕೊಡಕ್ಕಾಯ್ತದೇನ್ಲಾ?’ ಅಂತ ಸಿಡಿದ್ರು. ಭಾವ ನಂಗೆ ‘ಲಾ’ ಅಂದಿದ್ದು ಅದೇ ಮೊದಲು. ‘ಆದದ್ದು ಆದಂಗೆ ಹೇಳಿ ಕಾಲಿಗೆ ಬೀಳ್ತೀನಿ. ಬೈದ್ರೆ ಬೈಲಿ.’

ಇಬ್ರೂ ಹೋದೋ. ಮಂಗಳಮ್ಮನೋರು ಹೊಸ ಚಾವಣಿ ಕೆಳಗೆ ಹಜಾರದಲ್ಲಿ ಕೂತಿದ್ರು. ಮೊಮ್ಮಗಳು ಮೇಘನ ಪಕ್ಕದಲ್ಲಿ ಹೂ ಕಟ್ತಿದ್ಲು. ‘ಬಂದ್ರಾ ಆಚಾರ್ರೇ, ಬಟ್ಟಲು ತಂದ್ರಾ? ಕೊಡಿ ಕೊಡಿ’ ಅಂತ ಆ ಅಮ್ಮ ಎರಡೂ ಕೈ ಚಾಚಿದ್ರು. ಭಾವ ಬಾಯಿ ತೆಗೆಯೋದ್ರೊಳಗೆ ಅದು ಅವರ ಮಡಿಲು ಸೇರಿತ್ತು. ಬೆರಳು ಬಟ್ಟಲ ಮೈಮೇಲೆ ಒಂದು ಸುತ್ತು ಹೋಯ್ತು. ಇನ್ನೊಂದು ಸುತ್ತು ಹೋಯ್ತು. ತಳದ ಅಕ್ಷರ ಹುಡುಕ್ದಂಗೆ ಉಗುರಲ್ಲಿ ಕೆರೆದು ನೋಡಿದ್ರು.

‘ಇದು ನಮ್ದಲ್ಲ’ ಅಂದ್ರು.

‘ನಿಮ್ದೇ ಅಮ್ಮಾರೆ! ಅದನ್ನ ಹೇಳಕ್ಕೇ ಬಂದೆ. ಏಟೆಲ್ಲ ಇತ್ತಲ್ಲ, ಕೆಲಸ ಮುಗುದಿಲ್ಲ ಅನ್ಕೊಂಡು ನಾನೇ ಉಜ್ಜಿ ಮೆರುಗು ಕೊಟ್ಬುಟ್ಟೆ. ದೊಡ್ಡ ತಪ್ಪಾಗೋಯ್ತು...’

‘ಉಜ್ಜುದ್ರಾ? ಗಾಜನ್ನ ಯಾರಾದ್ರೂ ಉಜ್ಜುತಾರಾ ಆಚಾರ್ರೇ? ಕಣ್ಣು ಹೋದ ಮೇಲೆ ದಿನಾ ಅದರ ಮೈ ಸವರ್ತಾ ಕೂರ್ತಿದ್ದೆ. ನಮ್ಮನೆಯೋರು ಪಕ್ಕದಲ್ಲಿ ಕೂತಂಗಾಗೋದು. ಒಂದೊಂದು ಏಟೂ ನನ್ನ ಬೆರಳಿಗೆ ಗೊತ್ತು.’

‘ಕಾಳಮ್ಮನಾಣೆ ಅಮ್ಮಾರೆ, ಇದು ಅದೇ ಬಟ್ಟಲು. ನನ್ನ ಕುಲುಮೆ ಮೇಲಾಣೆ.’ ನಾನೂ ‘ನಾನು ಕಣ್ಣಾರೆ ಕಂಡಿದ್ದೀನಮ್ಮ, ನಿಜ’ ಅಂದೆ. ನಾನು ಯಾರು? ಅವರ ಭಾವಮೈದ. ನನ್ನ ಸಾಕ್ಷಿ ಯಾವ ಮೂಲೆಗೆ?

ಆ ಅಮ್ಮ ಬೈದಿದ್ರೆ, ಕೂಗಾಡಿದ್ರೆ, ನಾನೂ ನಾಲ್ಕು ಮಾತು ತಿರುಗಿಸಿ ಆಡ್ತಿದ್ದೆ. ಜೀವಮಾನವೆಲ್ಲ ಗುಲಗಂಜಿ ತೂಕ ಕದೀದಿರೋ ಮನುಷ್ಯನ್ನ ಏನಂತ ತಿಳಿದಿದ್ದೀರಿ ಅಂತ ಕೇಳ್ತಿದ್ದೆ. ಅವರು ಬೈಲಿಲ್ಲ.

‘ಮೇಘನ, ಒಳಗೋಗಿ ಕಾಫಿ ಕಾಯ್ಸವ್ವ’ ಅಂದ್ರು. ಮೊಮ್ಮಗಳು ಎದ್ದು ಹೋಗೋಗಂಟ ಕಾದ್ರು. ಆಮೇಲೆ ಬಟ್ಟಲನ್ನ ಮೆಲ್ಲಗೆ ಭಾವನ ಕಡೆಗೆ ತಳ್ಳಿ, ತಡಕಾಡಿ ಅವರ ಕೈ ಹಿಡ್ಕೊಂಡು, ನಂಗೂ ಕೇಳಿಸಬಾರದು ಅನ್ನಂಗೆ ಸಣ್ಣ ದನೀಲಿ ಅಂದ್ರು:

‘ಆಣೆ ಗೀಣೆ ಬ್ಯಾಡಿ ಆಚಾರ್ರೇ. ಯಾರ್ಗೂ ಹೇಳಲ್ಲ, ನಮ್ಮ ಹುಡುಗ್ರಿಗೂ ಹೇಳಲ್ಲ. ನಮ್ಮ ಅಸಲಿ ಬಟ್ಟಲು ನಿಮ್ಮ ಮನೇಲೇ ಜೋಪಾನವಾಗಿರ್ಲಿ. ಕೇಳಿದ್ರೆ ಅವತ್ತೇ ಕೊಟ್ಬುಡ್ತಿದ್ನಲ್ಲ.’