ಬಟ್ಟೆಯಲ್ಲಿ ಸಿಗದ ಜೇನು

ಆಗ ಹಳೇಬೀಡಿನ ನಮ್ಮ ಬೀದಿಗೆ ನಲ್ಲಿ ಬಂದಾಗಿತ್ತು. ಆದರೂ ನಮ್ಮಜ್ಜಿ ನಲ್ಲಿಯ ನೀರು ಮುಟ್ಟುತ್ತಿರಲಿಲ್ಲ. ಬಾವಿ ನೀರೇ ಆಗಬೇಕು, ಅದನ್ನು ಸೋಸಬೇಕು, ಅದೂ ನಾನೇ ತರಬೇಕು. ಆ ಕಾಲದ ಮಕ್ಕಳಿಗೆಲ್ಲ ಮನೆಯಲ್ಲಿ ತಮ್ಮದು ಅಂತ ಒಂದು ಕೆಲಸ ಇರುತ್ತಿತ್ತು, ನಿಮಗೂ ಇದ್ದಿರಬಹುದು. ನನ್ನದು ಅಜ್ಜಿಯ ನೀರು.

ನಾವು ಜೈನರು. ಅಜ್ಜಿಗೆ ದಿನಕ್ಕೆ ಒಂದೇ ಹೊತ್ತು ಊಟ, ನೀರು ಕುಡಿಯುವುದೂ ಆವಾಗಲೇ. ಜೇನನ್ನು ಅವಳು ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ. "ಎಷ್ಟು ಜೀವ ಸತ್ತು ಆ ಒಂದು ತೊಟ್ಟು ಬತ್ತದೆ ಕಣಪ್ಪ" ಅನ್ನುತ್ತಿದ್ದಳು. ಲಕ್ವ ಹೊಡೆದ ಮೇಲೆ ಅವಳ ಕೈ ನಡುಗುತ್ತಿತ್ತು. ಸೊಸೆ ತಂದರೆ ಬೇಡ, ಮಗ ತಂದರೆ ಬೇಡ. "ನಮ್ಮ ಧರಣಿ ಕೈ ನಿಧಾನ, ಅವನೇ ತರಲಿ" ಅಂತ ಹೇಳಿಬಿಟ್ಟಿದ್ದಳು.

ನಿಧಾನ ಯಾಕೆ ಬೇಕು ಅಂದರೆ, ಸೋಸುವುದಕ್ಕಿಂತ ಆಮೇಲಿನ ಕೆಲಸ ದೊಡ್ಡದು. ಬಿಂದಿಗೆಯ ಬಾಯಿಗೆ ಎರಡು ಮಡಿಕೆಯ ಬಟ್ಟೆ ಕಟ್ಟಿ ನೀರು ಹುಯ್ಯುವುದು. ಕಣ್ಣಿಗೆ ಕಾಣದ ಹುಳುಗಳು ಬಟ್ಟೆಯ ಮೇಲೆ ಉಳಿದಿರುತ್ತವೆ. ಆ ಬಟ್ಟೆಯನ್ನು ಒಂದು ಚೊಂಬಿನಲ್ಲಿ ಜಾಲಿಸಿ, ಚೊಂಬನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ನೀರು ಮುಟ್ಟಿದ ಮೇಲೆ ಮೆಲ್ಲಗೆ ವಾಲಿಸಬೇಕು. ಮೇಲಿಂದ ಸುರಿದರೆ ಅವು ಸಾಯುತ್ತವೆ. ಚೊಂಬು ವಾಲುವ ತನಕ ಕಟ್ಟೆಗೆ ಬಗ್ಗಿ ನೋಡುತ್ತಿರಬೇಕು, ಕಣ್ಣು ತೆಗೆಯುವ ಹಾಗಿಲ್ಲ.

ಚಿಕ್ಕಂದಿನಲ್ಲಿ ನನಗೆ ಫಿಟ್ಸ್ ಬರುತ್ತಿತ್ತು. ಹಾಗಾಗಿ ಸ್ಕೂಲಿಗೆ ತಡವಾಗಿ ಸೇರಿಸಿದ್ದರು. ಏಳನೇ ಕ್ಲಾಸಿನಲ್ಲಿ ನನಗೆ ಮೀಸೆ ಚಿಗುರುತ್ತಿತ್ತು, ಪಕ್ಕದಲ್ಲಿ ಕೂತವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಕೋಣ" ಅಂದರೆ ನಾನು ಎದ್ದು ನಿಲ್ಲುತ್ತಿದ್ದೆ.

ಒಂದು ಶುಕ್ರವಾರ ಮಿಶ್ರಣದ ಪಾಠ. ಮೇಷ್ಟ್ರು ಮಣ್ಣು ನೀರನ್ನು ಬಟ್ಟೆಯಲ್ಲಿ ಸೋಸಿ ತೋರಿಸಿದರು. ಮಣ್ಣು ಮೇಲುಳಿಯಿತು. ನನಗೆ ಗೊತ್ತಿರುವ ವಿಷಯ ಕ್ಲಾಸಿನಲ್ಲಿ ಬಂದದ್ದು ಅದೇ ಮೊದಲು. ಖುಷಿಯಾಗಿ ಎದ್ದು, "ಸಾರ್, ನಮ್ಮನೇಲಿ ದಿನಾ ಮಾಡ್ತೀವಿ. ಅಜ್ಜಿ ಕುಡಿಯೋವಾಗ ಇನ್ನೊಂದ್ಸಲ ಸೋಸ್ತಾರೆ" ಅಂದೆ.

"ಓಹೋ, ಬಾರೋ ಇಲ್ಲಿ" ಅಂದರು. ಒಂದು ಹಿಡಿ ಉಪ್ಪು ಕದಡಿ, ಅದನ್ನೂ ಅದೇ ಬಟ್ಟೆಯಲ್ಲಿ ಸೋಸಿ, ಲೋಟ ನನ್ನ ಕೈಗೆ ಕೊಟ್ಟರು. "ಕುಡಿ. ನಿಮ್ಮಜ್ಜಿ ಬಟ್ಟೇಲಿ ಎಲ್ಲಾ ಹೋಯ್ತದಲ್ಲ, ಕುಡಿ."

ಕುಡಿದೆ. ಅರ್ಧಕ್ಕೇ ವಾಂತಿ ಬಂತು. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಕರಗಿದ್ದು ಬಟ್ಟೆಗೆ ಸಿಗಲ್ಲ ಅಂತ ಬರೆಸಿದರು. ನಾನು ಬಾಯಿ ಒರೆಸಿಕೊಂಡು ಬರೆದುಕೊಂಡೆ.

ಮಾರನೇ ದಿನ ಶನಿವಾರ, ಬೆಳಗಿನ ಸ್ಕೂಲು. ಹಾಗಾಗಿ ನೀರು ತರುವುದು ಮಧ್ಯಾಹ್ನ. ನಮ್ಮ ಕ್ಲಾಸಿನ ಲೋಕೇಶ, ಜೊತೆಗೆ ಇನ್ನಿಬ್ಬರು ಬಾವಿ ಹತ್ತಿರ ಗೋಲಿ ಆಡುತ್ತಿದ್ದರು. ಬೇಲಿಯ ಕೋಲುಜೇನು ಕಿತ್ತಾಗಲೆಲ್ಲ ನನ್ನ ಬಾಯಿಗೆ ಒರೆಸಲು ಬರುತ್ತಿದ್ದವನು ಈ ಲೋಕೇಶ. ಆವತ್ತು ಮಾತ್ರ ಬಹಳ ಮರ್ಯಾದೆಯಿಂದ, "ನೀ ಹುಳಾ ಬಿಡಪ್ಪ ಧರಣಿ, ನಾವೇನೂ ಮುಟ್ಟಾಕಿಲ್ಲ" ಅಂದ. ನಾನು ತುಂಬಿದ ಬಿಂದಿಗೆಯನ್ನು ಹಿಂದೆ ಇಟ್ಟು, ಚೊಂಬು ಇಳಿಸುತ್ತಾ ಬಾವಿಗೆ ಬಗ್ಗಿದೆ.

ಅಜ್ಜಿ ಎಲೆ ಮುಂದೆ ಕೂತಿದ್ದಳು. ಬೇಳೆ ತೊವ್ವೆ, ತುಪ್ಪದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಊಟ ಮುಗಿಸಿ, ತನ್ನ ಬಿಳಿ ಬಟ್ಟೆಯನ್ನು ಚೊಂಬಿಗೆ ಹಾಸಿ, ನನ್ನಿಂದ ನೀರು ಹುಯ್ಯಿಸಿಕೊಂಡಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಇರಲಿಲ್ಲ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿ ನಕ್ಕಳು.

"ಏನಪ್ಪಾ, ಇವತ್ತು ನೀರು ಸಿಹಿಯಾಗೈತೆ. ಮಳೆ ನೀರು ಇಳೀತು ಅಂತ ಕಾಣ್ತದೆ."

ಚೊಂಬು ಪೂರಾ ಖಾಲಿ ಮಾಡಿದಳು.

ಕಿಟಕಿಯಲ್ಲಿ ಮೂರು ತಲೆ ಕಂಡವು. "ಅಜ್ಜೀ, ಜೇನು ಹೆಂಗಿತ್ತು? ಬಟ್ಟೇಲಿ ಸಿಕ್ತಾ?" ಅಂದ ಲೋಕೇಶ. ನಗುತ್ತಾ ಓಡಿದರು.

ಅಜ್ಜಿ ಹಿತ್ತಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿಕೊಳ್ಳಲು ನೋಡಿದಳು. ನಡುಗುವ ಕೈ, ಬೆರಳು ಒಳಗೆ ಹೋಗುತ್ತಿರಲಿಲ್ಲ. ಅಮ್ಮ ಹಿಡಿದುಕೊಂಡಳು. ನಾನು ಬೆನ್ನು ನೀವಲು ಹೋದರೆ ಅಜ್ಜಿ ಮೊಣಕೈಯಿಂದ ನೂಕಿದಳು.

ಸೋಮವಾರ ಅಪ್ಪ ಸ್ಕೂಲಿಗೆ ಬಂದರು. ಅಪ್ಪ ಜಗಳದವರಲ್ಲ. ಬಾಗಿಲಲ್ಲಿ ನಿಂತು ವಿಷಯ ಹೇಳಿದರು.

"ಬಿಡ್ರೀ, ಹುಡುಗ್ರು. ಪಾಠ ಕೇಳಿ ಪ್ರಯೋಗ ಮಾಡವ್ರೆ, ವಿಷ ಹಾಕಿಲ್ವಲ್ಲ" ಅಂದರು ಮೇಷ್ಟ್ರು. ಅಪ್ಪ ಹೋದ ಮೇಲೆ ನನ್ನನ್ನು ಎಬ್ಬಿಸಿದರು. "ಏನೋ ಕೋಣ, ಜೇನುನೀರು ಭೌತಿಕ ಬದಲಾವಣೆಯೋ, ರಾಸಾಯನಿಕ ಬದಲಾವಣೆಯೋ?"

"ಭೌತಿಕ ಸಾರ್. ಹೊಸ ವಸ್ತು ಆಗಿಲ್ಲ. ಕಾಯಿಸಿದ್ರೆ ನೀರು ಆವಿಯಾಗಿ ಬೇರೆ ಆಗ್ತದೆ."

"ನೋಡ್ರೋ, ಕೋಣನೂ ಕಲೀತು." ಮತ್ತೆ ನಗು. ಅವರ ಬಾಯಲ್ಲಿ ನಾನು ಕೇಳಿದ ಹೊಗಳಿಕೆ ಅದೊಂದೇ.

ಆ ಉತ್ತರ ಅಜ್ಜಿಗೆ ಹೇಳಿದರೆ ಸಮಾಧಾನ ಆಗುತ್ತದೆ ಅಂತ ನಿಜವಾಗಿ ನಂಬಿದ್ದೆ. ಅವಳು ಶನಿವಾರದ ಆ ಊಟದ ನಂತರ ಏನೂ ತಿಂದಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ: "ಅಜ್ಜಿ, ನೀರು ನೀರಾಗೇ ಇರ್ತದಂತೆ. ಜೇನು ಬೇರೆ, ನೀರು ಬೇರೆ. ಬೇರೆ ಮಾಡಬಹುದಂತೆ."

"ನನ್ನೊಳಗಿಂದ ತೆಗಿತಾರಾ?"

ನಾನು ಅವಳ ಹೊದಿಕೆ ಸರಿಮಾಡಿದೆ.

"ಬಿಂದಿಗೆ ತಂದೋನು ನೀನಲ್ವೇನೋ?"

"ನಂಗೆ ಗೊತ್ತಿರಲಿಲ್ಲ ಅಜ್ಜಿ. ನಾನು ಬಗ್ಗಿ ಚೊಂಬು ಇಳಿಸ್ತಿದ್ದೆ. ನೀನೇ ಹೇಳಿದ್ಯಲ್ಲ, ಕಣ್ಣು ತೆಗೀಬೇಡ ಅಂತ."

"ಸಾಕು ಕಣಪ್ಪ. ನಿನ್ನ ನೀರು ಸಾಕು."

ಉಪವಾಸ ಮುಗಿದ ಮೇಲೆ ಅಜ್ಜಿ ತಾನೇ ಬಾವಿಗೆ ಹೋದಳು. ಬಿಂದಿಗೆ ಎತ್ತಲಾಗದೆ ಚೊಂಬು ಚೊಂಬಾಗಿ ತರುತ್ತಿದ್ದಳು, ದಾರಿಯಲ್ಲೇ ಅರ್ಧ ಚೆಲ್ಲುತ್ತಿತ್ತು. ನಾನು ಹಿಂದೆ ಹೋದರೆ ನಿಂತುಬಿಡುತ್ತಿದ್ದಳು. ನಾನು ವಾಪಸ್ ತಿರುಗಿದ ಮೇಲೆಯೇ ಮುಂದಿನ ಹೆಜ್ಜೆ. ಲೋಕೇಶನ ಮೇಲೆ ಅವಳಿಗೆ ಕೋಪವಿರಲಿಲ್ಲ. ಬಾವಿ ಹತ್ತಿರ ಅವನು ಸಿಕ್ಕರೆ, "ಚೆನ್ನಾಗಿ ಓದ್ಕೊಳ್ಳೋ" ಅನ್ನುತ್ತಿದ್ದಳು.

ಮಾರನೇ ವರ್ಷ ಹಾಸಿಗೆ ಹಿಡಿದಳು. ಕೊನೆಯ ದಿನ ಅಮ್ಮ ಸೋಸಿದ ನೀರನ್ನು ಬೆಳ್ಳಿ ಚಮಚದಲ್ಲಿ ನನ್ನ ಕೈಗೆ ಕೊಟ್ಟು, "ನೀನು ಹಾಕು, ನಿನ್ನ ಕೈಯಂದ್ರೆ ಆಸೆ ಅವರಿಗೆ" ಅಂದಳು. ಅಜ್ಜಿ ಕಣ್ಣು ಬಿಟ್ಟು ಚಮಚ ನೋಡಿದಳು, ಕೈ ನೋಡಿದಳು, ತುಟಿ ಬಿಗಿದುಕೊಂಡಳು. ನೀರು ಗಲ್ಲದಿಂದ ಕಿವಿಯ ಕಡೆ ಹರಿಯಿತು.

ಈಗ ಬಾವಿಗೆ ಚಪ್ಪಡಿ ಎಳೆದಿದ್ದಾರೆ. ಮನೆಗೆ ಕ್ಯಾನ್ ನೀರು ಬರುತ್ತದೆ. ಲೋಕೇಶ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ, "ಏನ್ಲಾ, ನಿಮ್ಮಜ್ಜಿಗೆ ಜೇನು ಕುಡಿಸಿದ್ವಲ್ಲ, ಏನು ದಿನ ಅವು" ಅಂತ ಹೆಗಲಿಗೆ ಕೈ ಹಾಕುತ್ತಾನೆ. ನಾನೂ ಹೂಂ ಅನ್ನುತ್ತೇನೆ. ಹೆಂಡತಿ ಮಕ್ಕಳು ಬಾಯಾರಿದರೆ ತಾವೇ ಹೋಗಿ ಬಗ್ಗಿಸಿಕೊಂಡು ಕುಡಿಯುತ್ತಾರೆ. ಧರಣಿಯೇ ತರಲಿ ಅಂತ ಬಾಯಾರಿಕೊಂಡು ಕೂತವರು ಅಜ್ಜಿಯ ನಂತರ ಈ ಮನೆಯಲ್ಲಿ ಯಾರೂ ಇಲ್ಲ.