ಬಾವಿಯ ದುಡ್ಡು ಬಾಂಡಿಗೆ

ಕಳೆದ ಸೋಮವಾರ ಬೆಳಿಗ್ಗೆ ಕೆಳಗಿನ ಓಣಿಯ ಗಿರಿಜವ್ವ ನಮ್ಮ ಮನೆ ಕಟ್ಟೆಯ ಮೇಲೆ ಖಾಲಿ ಕೊಡವೊಂದನ್ನು ತಂದು ಕುಕ್ಕಿದಳು.

"ಇದನ್ನ ತುಂಬಿಸಿ ಕೊಡ್ರಿ, ಮಾಸ್ತರ್ರ. ಬಾಂವಿ ನೀವ ನುಂಗೀರಿ, ನೀರೂ ನೀವ ಕೊಡ್ರಿ."

ನಾನು ಶಾಲೆಯಿಂದ ನಿವೃತ್ತನಾದ ಮಾಸ್ತರ. ಊರ ಪಂಚಾಯತಿಯ ಮೆಂಬರನೂ ಹೌದು. ಜೀವನಪೂರ್ತಿ ಮಕ್ಕಳಿಗೆ ಕಳ್ಳತನ ಪಾಪವೆಂದು ಹೇಳಿಕೊಟ್ಟವನಿಗೆ ಬೆಳ್ಳಂಬೆಳಿಗ್ಗೆ ಈ ಬಿರುದು! ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು (ಇದ್ದಿಲ ಪುಡಿ ಇನ್ನೂ ಬಾಯಲ್ಲೇ ಇತ್ತು) ಅವಳೆದುರು ಕೂತೆ.

ಕೆಳಗಿನ ಓಣಿಗೆ ಬಾವಿಯಿಲ್ಲ. ಹೆಂಗಸರು ಹಳ್ಳದಿಂದ ನೀರು ಹೊರಬೇಕು. ಈಗಂತೂ ಮರಳು ಕೆದರಿ, ಒಸರುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಗೋರಿ ಕೊಡ ತುಂಬಿಸುತ್ತಾರೆ. ಗಿರಿಜವ್ವನ ಸೊಸೆ ಏಳು ತಿಂಗಳ ಬಸುರಿ. ಮೊನ್ನೆ ದಂಡೆ ಹತ್ತುವಾಗ ಜಾರಿ ಬಿದ್ದಳಂತೆ.

"ಹೊಟ್ಟ್ಯಾಗಿನ ಕೂಸು ಉಳದದ್ದ ದೊಡ್ಡದು. ಇನ್ನೊಮ್ಮಿ ಬಿದ್ರ ನೀವು ಬಂದು ಎತ್ತತೀರೇನು?"

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅದೇ ಓಣಿಯವರು ಬಾವಿಗೆಂದು ಮನೆಮನೆಯಿಂದ ವರ್ಗಣಿ ಕೂಡಿಸಿ ಕೊಟ್ಟಿದ್ದರು. ಪಂಚಾಯತಿಯೂ ತನ್ನ ಪಾಲು ಸೇರಿಸಿತ್ತು. ಆ ಹಣ ಈಗ ಎಲ್ಲಿದೆ? ಯಾರೂ ತಿಂದಿಲ್ಲ. ಅದನ್ನು ಸರಕಾರಿ ಬಾಂಡಿನಲ್ಲಿ ಭದ್ರವಾಗಿ ಇಟ್ಟಿದ್ದೇವೆ.

ಮಾರ್ಚ್ ಕೊನೆಯ ಮೀಟಿಂಗಿನಲ್ಲಿ ನಮ್ಮ ಕಾರಕೂನ ಒಂದು ಸರ್ಕ್ಯುಲರ್ ಓದಿದ. ವರ್ಷದ ಕೊನೆಗೆ ಖರ್ಚಾಗದೆ ಉಳಿದದ್ದೆಲ್ಲ ಹೆಚ್ಚುವರಿ ಹಣ. ಅದನ್ನು ಊರ ಸಾಹುಕಾರರ ಹತ್ತಿರ ಇಡಕೂಡದು, ಪೆಟ್ಟಿಗೆಯಲ್ಲೂ ಇಡಕೂಡದು. ಸರಕಾರದ ಬಾಂಡನ್ನೇ ಕೊಳ್ಳತಕ್ಕದ್ದು. ಎಲ್ಲರೂ ಕೈ ಎತ್ತಿದೆವು. ನಾನೂ ಎತ್ತಿದೆ. (ಅವಲಕ್ಕಿ ಬಂದಿತ್ತು, ತಟ್ಟೆಯ ಮೇಲೆಯೇ ಎಲ್ಲರ ಕಣ್ಣು.)

ಹಣ ಯಾಕೆ ಉಳಿಯಿತು? ಇಲ್ಲೇ ಇದೆ ಕಿತಾಪತಿ. ಬಾವಿ ತೋಡಿ ಕಟ್ಟುವವನು ತೇರಗಾಂವದ ಗೌಂಡಿ ಹುಸೇನಸಾಬ. ಅವನು ಥಂಡಿಯ ದಿನಗಳಲ್ಲಿ ಗುದ್ದಲಿ ಮುಟ್ಟುವುದಿಲ್ಲ.

"ಆವಾಗ ಎಲ್ಲಿ ತೋಡಿದ್ರೂ ನೀರು ಬರ್ತೈತ್ರಿ. ಬ್ಯಾಸಗ್ಯಾಗ ಬತ್ತಿ ಹೋಗತೈತಿ. ಯುಗಾದಿ ಆದಮ್ಯಾಲೆ ತೋಡಬೇಕು. ಆವಾಗ ಸಿಕ್ಕದ್ದು ಖರೇ ನೀರು."

ಈ ಸೀಮೆಯಲ್ಲಿ ಇದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಅಂದರೆ ಬಾವಿಯ ದುಡ್ಡು ಮಾರ್ಚ್ ಕೊನೆಗೆ ಉಳಿದೇ ಉಳಿಯುತ್ತದೆ. ಉಳಿದರೆ ಬಾಂಡಿಗೆ ಹೋಗುತ್ತದೆ. ಗೊತ್ತಿದ್ದೂ ಕೈ ಎತ್ತಿದೆನಲ್ಲ, ನನ್ನ ಬುದ್ಧಿ ಎಲ್ಲಿ ಹುಲ್ಲು ಮೇಯಲು ಹೋಗಿತ್ತು?

ರೂಲು ಸುಮ್ಮನೆ ಹುಟ್ಟಿಲ್ಲ, ನಿಜ. ಹಿಂದಿನ ಅಧ್ಯಕ್ಷರೊಬ್ಬರು ಪಂಚಾಯತಿಯ ಹಣವನ್ನು ತಮ್ಮ ಅಳಿಯನ ಅಂಗಡಿಯಲ್ಲಿ ತೊಡಗಿಸಿದ್ದರು. ಅಂಗಡಿಯೂ ಇಲ್ಲ, ಅಳಿಯನೂ ಇಲ್ಲ. ಆದ್ದರಿಂದ ಸರಕಾರಕ್ಕೆ ನಮ್ಮ ಮೇಲೆ ಗುಮಾನಿ. ಇರಲಿ. ಆದರೆ ನಮ್ಮ ದುಡ್ಡಿಗೆ ತಮ್ಮ ಕೈಯೊಂದೇ ಭದ್ರ ಎನ್ನುವವರ ಮೇಲೆ ನನಗೂ ಗುಮಾನಿ ಬರಬಾರದೇ? ಬಿಳಿಯ ದೊರೆಗಳ ಯುದ್ಧ ಶುರುವಾದ ಮೇಲೆ ಈ ಸರ್ಕ್ಯುಲರುಗಳಿಗೆ ಇಷ್ಟು ಅವಸರವೇಕೆ? (ಈ ವಾಕ್ಯ ಅಚ್ಚಾದರೆ ಅದು ಸಂಪಾದಕರ ಧೈರ್ಯ.)

ಗಿರಿಜವ್ವನನ್ನು ಕಳಿಸಿ ನೇರ ಕಾರಕೂನನ ಮನೆಗೆ ಹೋದೆ. "ಬಾಂಡು ಮಾರಿ ಬಾವಿ ತೋಡಿಸೋಣ" ಎಂದೆ.

"ಮಾರಾಕ ಮ್ಯಾಲಿನವರ ಪರವಾನಗಿ ಬೇಕ್ರಿ. ಇವತ್ತ ಬರದ್ರ ಉತ್ತರ ಶ್ರಾವಣಕ್ಕ ಬರಬಹುದು."

"ಶ್ರಾವಣದಲ್ಲಿ ಬಾವಿ ತೋಡುವುದು ಹೇಗೆ?"

"ಅದಕ್ಕ ಮುಂದಿನ ಯುಗಾದಿಗೆ ತೋಡಸೂಣು" ಎಂದು ನಕ್ಕ. ಮುಂದಿನ ಯುಗಾದಿಗೆ ಮೊದಲು ಇನ್ನೊಂದು ಮಾರ್ಚ್ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಆ ನಗೆ ನನಗೆ ಸರಿ ಕಾಣಲಿಲ್ಲ. ಅಲ್ಲೇ ಕೂತು ಅರ್ಜಿ ಬರೆಸಿ, ಸಹಿ ಹಾಕಿ, ಟಪಾಲಿಗೆ ನಾನೇ ಹಾಕಿ ಬಂದೆ.

ಸಂಜೆ ಗಿರಿಜವ್ವನ ಮನೆಗೆ ಹೋದೆ. ಸೊಸೆ ಗೋಡೆಗೆ ಒರಗಿ ಕೂತಿದ್ದಳು, ಊದಿದ ಕಾಲಿಗೆ ಅರಿಶಿನ ಮೆತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದೆ.

ಗಿರಿಜವ್ವ ಪೂರ್ತಿ ಕೇಳಿದಳು. "ಆ ರೊಕ್ಕಾ ತಗೊಂಡು ಸರಕಾರ ಏನ ಮಾಡತೈತ್ರಿ?"

"ಯುದ್ಧಕ್ಕೆ ಬಳಸುತ್ತದೆ."

"ಎಲ್ಲಿ ನಡದೈತಿ ಯುದ್ಧ?"

"ಸಮುದ್ರದಾಚೆ. ಮರಳುಗಾಡಿನಲ್ಲಿ."

"ಮರಳಾಗ ದಂಡಿನವರಿಗೆ ಕುಡ್ಯಾಕ ನೀರು?"

ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳಿದೆ. ಸರಕಾರವೇ ಅಲ್ಲಲ್ಲಿ ಬಾವಿ ತೋಡಿಸುತ್ತಿದೆಯಂತೆ.

ಅವಳು ಸೊಸೆಯ ಕಡೆ ತಿರುಗಿದಳು. "ಕೇಳಿದೇನ ತಂಗಿ? ನಮ್ಮ ಬಾಂವಿ ಅಲ್ಲಿ ತೋಡ್ಯಾರಂತ."